ಸ್ಥಳೀಯ ಇತಿಹಾಸ: ಅದರ ಆಕರಗಳೂ ರಚನಾಕ್ರಮವೂ

ಇತಿಹಾಸವೆಂದೊಡನೆ ಶಾಲೆಯ ಬಾಲಕನ ಕಣ್ಣೆದುರು ನಿಲ್ಲುವುವು ದೂರದ ರಾಜಧಾನಿಗಳು. ಬಾದಾಮಿ, ಮಾನ್ಯಖೇಟ, ಕಲ್ಯಾಣ, ದ್ವಾರಸಮುದ್ರ, ವಿಜಯನಗರಗಳ ಅರಸರ ಹೆಸರುಗಳನ್ನು ಅವನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲನು. ಆದರೆ ತಾನು ದಿನವೂ ದಾಟಿಬರುವ ಕೆರೆಯ ಏರಿಯನ್ನು ಕಟ್ಟಿಸಿದವರು ಯಾರು, ಅಗಸೆಯ ಬಳಿ ಅರ್ಧ ಹೂತುಹೋಗಿರುವ ವೀರಗಲ್ಲಿನಲ್ಲಿ ಕತ್ತಿ ಹಿರಿದು ನಿಂತವನು ಯಾರಿಗಾಗಿ ಮಡಿದನು, ಊರಿಗೆ ಆ ಹೆಸರು ಹೇಗೆ ಬಂದಿತು ಎಂದು ಕೇಳಿದರೆ ಅವನು ಸುಮ್ಮನಾಗುತ್ತಾನೆ. ಅನೇಕ ವೇಳೆ ಅವನ ಅಧ್ಯಾಪಕರೂ ಸುಮ್ಮನಾಗಬೇಕಾಗುತ್ತದೆ. ಊರಿನ ಚರಿತ್ರೆ ನಾಡಿನ ಚರಿತ್ರೆಯ ಒಂದು ಚಿಕ್ಕ ತುಣುಕು ಮಾತ್ರ, ಅದನ್ನು ತಿಳಿಯದಿದ್ದರೆ ಹೆಚ್ಚಿನ ನಷ್ಟವಿಲ್ಲ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಆ ಭಾವನೆ ಎಷ್ಟು ತಪ್ಪೆಂಬುದನ್ನು ಬಸವಣ್ಣನವರ ಚರಿತ್ರೆಗೆ ಸಂಬಂಧಿಸಿದ ಒಂದು ಪ್ರಸಂಗವೇ ತೋರಿಸಿಕೊಡುತ್ತದೆ.

ಕನ್ನಡ ಜಿಲ್ಲೆಗಳ ಶಾಸನಗಳನ್ನು ಶಾಸ್ತ್ರೀಯವಾಗಿ ಓದಿದವರಲ್ಲಿ ಡಾ. ಜೆ. ಎಫ್. ಫ್ಲೀಟ್ ಅವರು ಅಗ್ರಗಣ್ಯರು. ಮುಂಬಯಿ ಪ್ರಾಂತದ ಸರಕಾರಿ ಸೇವೆಯಲ್ಲಿದ್ದ ಈ ಆಂಗ್ಲ ವಿದ್ವಾಂಸರು 1882ರಲ್ಲಿ ಪ್ರಕಟಿಸಿದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಮುಂದಿನ ಸಂಶೋಧನೆಗೆ ತಳಹದಿಯಾಯಿತು. ಅವರು ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 1200ರ ಒಂದು ದೀರ್ಘ ಶಾಸನವನ್ನು ಓದಿದರು. ಅದರಲ್ಲಿ ಏಕಾಂತದ ರಾಮಯ್ಯನ ಚರಿತ್ರೆ ವಿಸ್ತಾರವಾಗಿ ಬಂದಿದೆ. ಬಸವಣ್ಣನವರ ಹೆಸರೇ ಇಲ್ಲ. ಕಲ್ಯಾಣದಲ್ಲಿ ಅಷ್ಟು ದೊಡ್ಡ ಅಧಿಕಾರ ನಡೆಸಿದವರೆಂದು ಪುರಾಣಗಳು ಹೇಳುವ ವ್ಯಕ್ತಿಯನ್ನು ಆ ಕಾಲದ ಕಲ್ಲುಗಳು ಏಕೆ ಹೆಸರಿಸುವುದಿಲ್ಲ ಎಂಬ ಪ್ರಶ್ನೆ ಅವರಿಗೆ ಎದುರಾಯಿತು. ಬಸವಣ್ಣನವರ ವಿಷಯದಲ್ಲಿ ಪರಂಪರೆ ಹೇಳುವುದನ್ನು ಇತಿಹಾಸವೆಂದು ಸ್ವೀಕರಿಸಲು ಅವರು ಹಿಂದೆಗೆದರು.

ಈ ಸಂದೇಹಕ್ಕೆ ಭಕ್ತರು ಕೋಪದಿಂದ ಉತ್ತರ ಕೊಡಬಹುದಾಗಿತ್ತು. ಕೆಲವರು ಕೊಟ್ಟದ್ದೂ ಉಂಟು. ಕೋಪದಿಂದ ಪ್ರಶ್ನೆ ಬಗೆಹರಿಯಲಿಲ್ಲ. ಅದನ್ನು ಬಗೆಹರಿಸಿದ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡವೆಂಬ ಹಳ್ಳಿಯ ಒಂದು ಕಲ್ಲು. ಸೇವುಣ ದೊರೆ ಕನ್ನರನ ಆಳಿಕೆಯಲ್ಲಿ, ಕ್ರಿ.ಶ. 1260ರಲ್ಲಿ, ಹಾಕಿಸಿದ ಆ ಶಾಸನದಲ್ಲಿ ಬಾಗೆವಾಡಿಯ ಬಸವರಾಜನ ಉಲ್ಲೇಖವಿದೆ. ದತ್ತಿಯನ್ನು ಪಡೆದ ಹಾಲಬಸವಿದೇವನ ವಂಶವು ಆ ಬಸವರಾಜನ ಅಣ್ಣನ ಕಡೆಯಿಂದ ಇಳಿದು ಬಂದುದೆಂಬ ವಿವರವಿದೆ. ಬಸವಣ್ಣನವರ ಕಾಲಕ್ಕೆ ಒಂದು ಶತಮಾನದಷ್ಟೇ ದೂರದಲ್ಲಿ, ಅವರ ಮನೆತನದವರನ್ನು ಬಲ್ಲವರು ಬರೆಸಿದ ಬರೆಹವಿದು. ಧಾರವಾಡದ ಡಾ. ಪಿ. ಬಿ. ದೇಸಾಯಿಯವರು 1968ರಲ್ಲಿ ಬಸವೇಶ್ವರರನ್ನೂ ಅವರ ಕಾಲವನ್ನೂ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಈ ಶಾಸನಕ್ಕೆ ಮಹತ್ತ್ವದ ಸ್ಥಾನ ದೊರೆತಿದೆ. ಅರ್ಜುನವಾಡ ರಾಜಧಾನಿಯಲ್ಲ. ಆ ಕಲ್ಲು ಯಾರದೋ ಗೋಡೆಯ ಅಡಿಪಾಯಕ್ಕೆ ಹೋಗಿದ್ದರೆ ಕೇಳುವವರು ಇರುತ್ತಿರಲಿಲ್ಲ. ಹಾಗೆ ಅಡಿಪಾಯಕ್ಕೆ ಹೋದ ಕಲ್ಲುಗಳು ಎಷ್ಟಿರಬಹುದೆಂಬುದನ್ನು ಎಣಿಸಲಾಗದು.

ಫ್ಲೀಟ್ ಅವರ ಬಗೆಗೆ ಇಲ್ಲಿ ಒಂದು ಮಾತನ್ನು ಹೇಳುವುದು ನ್ಯಾಯ. ಅವರ ತೀರ್ಮಾನ ನಿಲ್ಲಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾದುದೇ ಆಗಿತ್ತು. ಆ ಪ್ರಶ್ನೆ ಇಲ್ಲದಿದ್ದರೆ ಅರ್ಜುನವಾಡದ ಶಾಸನದ ಬೆಲೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಊರಿನ ಚರಿತ್ರೆಯನ್ನು ಬರೆಯಹೊರಟವನು ಸಂದೇಹ ಪಡುವವನನ್ನು ಶತ್ರುವೆಂದು ಬಗೆಯಬೇಕಾಗಿಲ್ಲ.

ಊರಿನಲ್ಲಿ ಶಾಸನವಿದ್ದರೆ ಅದು ಈಗಾಗಲೇ ಅಚ್ಚಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಹಳೆಯ ಮೈಸೂರು ಸೀಮೆಗೆ ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ 12 ಸಂಪುಟಗಳಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕಾ ಇದೆ. ಸುಮಾರು ಒಂಬತ್ತು ಸಾವಿರ ಶಾಸನಗಳು ಅಲ್ಲಿ ತಾಲೂಕುವಾರಾಗಿ, ಊರಿನ ಹೆಸರಿನೊಡನೆ ಜೋಡಿಸಲ್ಪಟ್ಟಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಅದರ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಮುಂಬಯಿ ಕರ್ನಾಟಕದ ಶಾಸನಗಳಿಗೆ ದಕ್ಷಿಣ ಭಾರತದ ಶಾಸನಗಳೆಂಬ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು. ತಮ್ಮ ಊರಿನ ಹೆಸರು ಅಲ್ಲಿರುವುದನ್ನು ಕಂಡು ಬೆರಗಾಗುವವರು ಅನೇಕರು. ನೂರು ವರ್ಷಗಳ ಹಿಂದೆಯೇ ಓದಿ ಮುದ್ರಿಸಿದ ಕಲ್ಲನ್ನು ‘ಈವರೆಗೆ ಯಾರೂ ಓದಲಾಗದ ಶಾಸನ’ವೆಂದು ಜಾತ್ರೆಯ ಕರಪತ್ರದಲ್ಲಿ ಹೇಳಿಕೊಳ್ಳುವುದೂ ಉಂಟು.

ಶಾಸನವನ್ನು ಓದುವಾಗ ಅದರ ಎಲ್ಲ ಭಾಗಗಳಿಗೂ ಒಂದೇ ಬೆಲೆಯಿಲ್ಲವೆಂಬುದನ್ನು ಗಮನಿಸಬೇಕು. ಮೊದಲಲ್ಲಿ ದೇವತಾಸ್ತುತಿ, ಅನಂತರ ಅರಸನ ಪ್ರಶಸ್ತಿ, ಮಾಂಡಲಿಕನ ಪ್ರಶಸ್ತಿ, ಆಮೇಲೆ ಕಾಲ, ದಾನಿ, ದಾನ ಪಡೆದವನು, ಭೂಮಿಯ ಅಳತೆ, ಎಲ್ಲೆಗಳು, ಕೊನೆಯಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪ. ಪ್ರಶಸ್ತಿ ಕವಿಯ ಕೆಲಸ. ಅದರಲ್ಲಿ ಸಣ್ಣ ನಾಯಕನೂ ಸಮುದ್ರ ಮುದ್ರಿತ ಭೂಮಿಯನ್ನು ಗೆಲ್ಲುತ್ತಾನೆ. ಆದರೆ ಇಂತಿಷ್ಟು ಮತ್ತರು ಗದ್ದೆ, ಇಂತಿಷ್ಟು ಕಮ್ಮ ತೋಟ, ಮೂಡಲಿಗೆ ಹಳ್ಳ, ಪಡುವಲಿಗೆ ಹುಣಿಸೆಯ ಮರ ಎಂದು ಬರೆಯುವಾಗ ಯಾರೂ ಉತ್ಪ್ರೇಕ್ಷೆ ಮಾಡುವುದಿಲ್ಲ. ಸಂಜೆಯೊಳಗೆ ನೆರೆಯ ಹೊಲದವನು ತಕರಾರು ತೆಗೆಯುತ್ತಾನೆ. ಊರಿನ ಚರಿತ್ರೆ ಹೆಚ್ಚಾಗಿ ಅಡಗಿರುವುದು ಈ ದತ್ತಿಯ ಭಾಗದಲ್ಲಿ. ಎಣ್ಣೆಯ ಗಾಣದವರು ದೀಪಕ್ಕೆ ಕೊಟ್ಟ ಸೊಲ್ಲಿಗೆ ಎಣ್ಣೆ, ಎಲೆಯ ಹೇರಿನ ಮೇಲೆ ಬಿಟ್ಟುಕೊಟ್ಟ ಸುಂಕ, ಇಂದಿನ ಗೌಡನಿಗೆ ಮೂಲಪುರುಷನಾದ ಗಾವುಂಡ, ಶಾನುಭೋಗನಿಗೆ ಮೂಲಪುರುಷನಾದ ಸೇನಬೋವ ಇವೆಲ್ಲ ಅಲ್ಲಿ ಸಿಕ್ಕುತ್ತವೆ.

ಈ ಭೇದವನ್ನು ಮನಗಾಣಲು ಎರಡು ವಿದ್ಯಾಸ್ಥಾನಗಳ ಶಾಸನಗಳನ್ನು ಹೋಲಿಸಿ ನೋಡಬಹುದು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ ಕ್ರಿ.ಶ. 1162ರ ಶಾಸನ ಸುಪ್ರಸಿದ್ಧವಾದುದು. ಅದು ಕಳಚುರಿ ಬಿಜ್ಜಳನ ಕಾಲದ್ದು. ಎಂದರೆ ಬಸವಣ್ಣನವರ ಕಾಲದ್ದೇ. ವೇದವೇದಾಂಗಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಲಾಕುಲಸಿದ್ಧಾಂತ, ಯೋಗ, ಪುರಾಣ, ಕಾವ್ಯ, ನಾಟಕ ಇವುಗಳ ವ್ಯಾಖ್ಯಾನ ಅಲ್ಲಿ ನಡೆಯುತ್ತಿತ್ತೆಂದೂ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೂ, ಹಾಡುವವರು, ಬಾರಿಸುವವರು, ಕುಣಿಯುವವರಿಗೂ, ಅನ್ಯ ಪಂಥಗಳ ಸನ್ಯಾಸಿಗಳಿಗೂ ಜೈನ ಕ್ಷಪಣಕರಿಗೂ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಅಲ್ಲಿ ಚಿಕಿತ್ಸೆ ನಡೆಯುತ್ತಿತ್ತೆಂದೂ ಶಾಸನ ಹೇಳುತ್ತದೆ. ಮಠವೊಂದು ವಿದ್ಯೆ, ಅನ್ನ, ಔಷಧಗಳನ್ನು ಒಂದೇ ಸೂರಿನಡಿ ಇಟ್ಟಿದ್ದಿತೆಂಬುದಕ್ಕೆ ಇದಕ್ಕಿಂತ ಸುಂದರವಾದ ಸಾಕ್ಷ್ಯ ದೊರೆಯುವುದು ಕಷ್ಟ. ಆದರೂ ಇದು ವರ್ಣನೆ. ವಿದ್ಯಾರ್ಥಿಗಳು ಎಷ್ಟು ಮಂದಿ, ಆಚಾರ್ಯರು ಎಷ್ಟು ಮಂದಿ ಎಂಬುದನ್ನು ಈ ವರ್ಣನೆಯಿಂದ ತಿಳಿಯುವಂತಿಲ್ಲ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ ಶಾಸನ ಇದಕ್ಕಿಂತ ಹಳೆಯದು. ಕ್ರಿ.ಶ. 1058ರಲ್ಲಿ, ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಅಧಿಕಾರಿಯಾದ ಮಧುಸೂದನನು ಅಲ್ಲಿಯ ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟನು. ಆ ಶಾಸನ ಲೆಕ್ಕ ಕೊಡುತ್ತದೆ: ವೇದಾಧ್ಯಯನಕ್ಕೆ 200 ಮಂದಿ ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ 52 ಮಂದಿ, ಅವರಿಗೆ ಉಪಾಧ್ಯಾಯರು, ಗ್ರಂಥಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಆರು ಮಂದಿ ಗ್ರಂಥಪಾಲಕರನ್ನು ಇಟ್ಟುಕೊಂಡ ವಿದ್ಯಾಸಂಸ್ಥೆಗಳು ಇಂದಿಗೂ ಹೆಚ್ಚಿಲ್ಲ. ಬಳ್ಳಿಗಾವೆಯ ಶಾಸನ ಕಣ್ಣಿಗೆ ಚಿತ್ರವನ್ನು ಕಟ್ಟುತ್ತದೆ. ನಾಗಾವಿಯ ಶಾಸನ ಕೈಗೆ ಲೆಕ್ಕವನ್ನು ಕೊಡುತ್ತದೆ. ಚರಿತ್ರಕಾರನಿಗೆ ಎರಡೂ ಬೇಕು. ಆದರೆ ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ಬಳ್ಳಿಗಾವೆಯ ಪ್ರಸ್ತಾಪ ಬಂದಾಗ ಇನ್ನೊಂದು ಸೂಕ್ಷ್ಮ ವಿಷಯವನ್ನು ಎತ್ತದೆ ಮುಂದೆ ಹೋಗುವಂತಿಲ್ಲ. ಕೋಡಿಯ ಮಠದ ಆಚಾರ್ಯರು ಕಾಳಾಮುಖರು. ಕಾಳಾಮುಖ ಸ್ಥಾನಗಳಲ್ಲಿ ಅನೇಕವು ಕಾಲಕ್ರಮದಲ್ಲಿ ವೀರಶೈವ ಮಠಗಳಾಗಿ ಮಾರ್ಪಟ್ಟವೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಇದನ್ನು ಆಧಾರವಾಗಿಟ್ಟುಕೊಂಡು, ಊರಿನಲ್ಲಿ ಒಂದು ಕಾಳಾಮುಖ ಶಾಸನವಿದೆ, ಒಂದು ಲಿಂಗಾಯತ ಮಠವೂ ಇದೆ, ಆದ್ದರಿಂದ ನಮ್ಮ ಮಠಕ್ಕೆ ಒಂಬೈನೂರು ವರ್ಷಗಳ ಪರಂಪರೆ ಎಂದು ಬರೆದುಬಿಡುವುದು ಸುಲಭ. ಒಟ್ಟು ನಾಡಿಗೆ ಅನ್ವಯಿಸುವ ಮಾತು ಒಂದು ಊರಿಗೆ ತಾನಾಗಿ ಅನ್ವಯಿಸುವುದಿಲ್ಲ. ಆ ಸ್ಥಾನದ ಭೂಮಿ ಈ ಮಠದ ಕೈಗೆ ಬಂದುದಕ್ಕೆ ಬರೆಹವುಂಟೇ? ನಡುವಣ ಮುನ್ನೂರು ನಾನೂರು ವರ್ಷಗಳಲ್ಲಿ ಪಟ್ಟಕ್ಕೆ ಬಂದವರ ಹೆಸರುಗಳು ಯಾವುದಾದರೂ ಸನ್ನದು, ಓಲೆ, ಗದ್ದುಗೆಯ ಮೇಲಿನ ಬರೆಹಗಳಲ್ಲಿ ಸಿಕ್ಕುತ್ತವೆಯೇ? ಸಿಕ್ಕದಿದ್ದರೆ, ‘ಇನ್ನೂರು ವರ್ಷಗಳಿಂದ ಈಚೆಗೆ ಆಧಾರಗಳು ದೊರೆಯುತ್ತವೆ’ ಎಂದು ಬರೆಯುವ ಧೈರ್ಯ ಬೇಕು. ಮಠದ ದೊಡ್ಡತನ ಅದರ ವಯಸ್ಸಿನಿಂದ ಬಂದುದಲ್ಲ. ಎರಡು ತಲೆಮಾರಿನ ಹಿಂದೆ ಹಸಿದ ಮಕ್ಕಳನ್ನು ಕರೆತಂದು ಪ್ರಸಾದನಿಲಯದಲ್ಲಿಟ್ಟು ಓದಿಸಿದ ಸ್ವಾಮಿಗಳಿಗೆ ಒಂಬೈನೂರು ವರ್ಷಗಳ ವಂಶಾವಳಿಯ ಅಗತ್ಯವಿರಲಿಲ್ಲ.

ವಯಸ್ಸನ್ನು ಹಿಗ್ಗಿಸುವ ಈ ಆಸೆ ಹೊಸದೇನಲ್ಲ. ಪಾಂಡವವಂಶದ ಜನಮೇಜಯ ಚಕ್ರವರ್ತಿಯೇ ಸರ್ಪಯಾಗದ ಕಾಲದಲ್ಲಿ ಕೊಟ್ಟುದೆಂದು ಹೇಳುವ ತಾಮ್ರಪಟಗಳು ಮಲೆನಾಡಿನ ಅಗ್ರಹಾರಗಳಲ್ಲಿ ದೊರೆತಿವೆ. ಅವುಗಳ ಲಿಪಿಯೂ ಭಾಷೆಯೂ ಎಷ್ಟೋ ಶತಮಾನ ಈಚಿನವು. ಗಂಗರ ಹೆಸರಿನ ತಾಮ್ರಪಟಗಳಲ್ಲಿಯೂ ಎಷ್ಟೋ ಕೂಟಶಾಸನಗಳೆಂದು ಫ್ಲೀಟ್ ಅವರು ವಾದಿಸಿದರು. ಆದರೆ ಕೂಟಶಾಸನವನ್ನು ಎಸೆದುಬಿಡುವುದು ಸಲ್ಲದು. ಜನಮೇಜಯನ ವಿಷಯದಲ್ಲಿ ಅದು ಏನನ್ನೂ ಹೇಳದಿದ್ದರೂ, ಅದನ್ನು ಬರೆಸಿದವರಿಗೆ ತಮ್ಮ ಭೂಮಿಯ ಹಕ್ಕನ್ನು ಗಟ್ಟಿಮಾಡಿಕೊಳ್ಳುವ ಅಗತ್ಯ ಬಿದ್ದಿತ್ತೆಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ. ಆ ಅಗತ್ಯ ಏಕೆ ಬಿದ್ದಿತೆಂಬುದು ಆ ಊರಿನ ನಿಜವಾದ ಚರಿತ್ರೆಯ ಒಂದು ಅಧ್ಯಾಯವಾಗಬಹುದು.

ಕಲ್ಲು, ತಾಮ್ರಗಳಿಗಿಂತ ಬೇಗ ನಾಶವಾಗುವುವು ಓಲೆ, ಕಡತ, ಕಾಗದಗಳು. ‘ಕಡತ’ವೆಂಬ ಮಾತು ಇಂದು ಕಚೇರಿಯ ಕಾಗದದ ಕಟ್ಟಿಗೆ ಸಲ್ಲುತ್ತದೆ. ಹಿಂದೆ ಅದು ಬಟ್ಟೆಯದು: ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಮಠಗಳ ಲೆಕ್ಕಪತ್ರ, ಪತ್ರವ್ಯವಹಾರಗಳ ನಕಲು ಇಂತಹ ಕಡತಗಳಲ್ಲಿ ಉಳಿದುಬಂದಿವೆ. ಮಠದ ದಫ್ತರವೊಂದು ಎಂತಹ ಸಂಗತಿಯನ್ನು ಹೊರಗೆಡಹಬಲ್ಲುದೆಂಬುದಕ್ಕೆ ಶೃಂಗೇರಿಯೇ ನಿದರ್ಶನ. 1791ರಲ್ಲಿ ಮರಾಠಾ ಸೈನ್ಯದವರಿಂದ ಆ ಮಠಕ್ಕೆ ಒದಗಿದ ವಿಪತ್ತು, ಆ ಸಂದರ್ಭದಲ್ಲಿ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಗೌರವಪೂರ್ಣ ಪತ್ರಗಳು ಮಠದ ಸಂಗ್ರಹದಲ್ಲಿಯೇ ಇದ್ದವು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ನೂರಿಪ್ಪತ್ತೈದು ವರ್ಷ ಪೆಟ್ಟಿಗೆಯಲ್ಲಿದ್ದ ಕಾಗದಗಳು ಆ ಕಾಲದ ಬಗೆಗೆ ಜನ ಇಟ್ಟುಕೊಂಡಿದ್ದ ಕಲ್ಪನೆಗಳನ್ನು ಮತ್ತೆ ಪರಿಶೀಲಿಸುವಂತೆ ಮಾಡಿದವು.

ಲಿಂಗಾಯತ ಮಠಗಳಲ್ಲಿ, ಮನೆಗಳಲ್ಲಿ ಓಲೆಯ ಕಟ್ಟುಗಳಿಗೆ ವಿಭೂತಿ ಧರಿಸಿ, ಪತ್ರಿ ಏರಿಸಿ, ವರ್ಷಕ್ಕೊಮ್ಮೆ ಪೂಜೆ ಸಲ್ಲಿಸುವ ಪದ್ಧತಿ ಬಂದಿದೆ. ಪೂಜೆಯಿಂದ ಅವು ಉಳಿದವು. ಬಿಚ್ಚದೆ ಇದ್ದುದರಿಂದ ಎಷ್ಟೋ ಹುಳು ತಿಂದು ಹೋದವು. ವಿಜಯಪುರದಲ್ಲಿ ವಕೀಲಿ ನಡೆಸುತ್ತಿದ್ದ ಡಾ. ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಹುಡುಕಿ, ಬೇಡಿ ತಂದು, ಬಿಚ್ಚಿ ಓದಿದ್ದರಿಂದಲೇ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಪ್ರಕಟವಾಯಿತು. 1926ರಿಂದ ಶಿವಾನುಭವ ಪತ್ರಿಕೆ ನಡೆಯಿತು. ಅವರು 1964ರಲ್ಲಿ ಲಿಂಗೈಕ್ಯರಾದರು. ಅವರ ಕೈಗೆ ಬಾರದ ಕಟ್ಟುಗಳು ಎಲ್ಲಿವೆಯೆಂದು ಕೇಳುವವರು ಪ್ರತಿ ಊರಿನಲ್ಲಿಯೂ ಬೇಕಾಗಿದ್ದಾರೆ. ಓಲೆಯ ಕಟ್ಟಿನಲ್ಲಿ ವಚನಗಳೇ ಇರಬೇಕೆಂದಿಲ್ಲ. ಸಾಲದ ಪತ್ರ, ವೈದ್ಯದ ಟಿಪ್ಪಣಿ, ಜಂಗಮರ ಕಾಣಿಕೆಯ ಪಟ್ಟಿ ಇದ್ದರೂ ಊರಿನ ಚರಿತ್ರೆಗೆ ಅದು ಬಂಗಾರವೇ ಸರಿ.

ಶಾನುಭೋಗರ ಮನೆಯ ಕಾಗದಗಳ ಗತಿ ಇನ್ನೂ ಶೋಚನೀಯ. 1799ರ ಅನಂತರ ಮೈಸೂರು ಸೀಮೆಯ ಮೋಜಣಿ ಮಾಡಿದ ಕರ್ನಲ್ ಕಾಲಿನ್ ಮೆಕೆಂಜಿಯವರು ತಮ್ಮ ದೇಶೀಯ ಸಹಾಯಕರನ್ನು ಊರೂರಿಗೆ ಕಳುಹಿಸಿ, ಅಲ್ಲಿಯ ಹಿರಿಯರಿಂದಲೂ ಶಾನುಭೋಗರಿಂದಲೂ ಊರಿನ ಹಿಂದಿನ ವೃತ್ತಾಂತವನ್ನು ಬರೆಸಿಕೊಂಡರು. ಇವೇ ಕೈಫಿಯತ್ತುಗಳು. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಅವನ್ನು ಪ್ರಕಟಿಸಿತು. ಕೈಫಿಯತ್ತಿನಲ್ಲಿ ಹಳೆಯ ಕಂದಾಯದ ಲೆಕ್ಕವೂ ಇದೆ, ಊರು ಹುಟ್ಟಿದ ಕಥೆಯೂ ಇದೆ: ಬೇಟೆಗೆ ಹೋದ ಪಾಳೆಯಗಾರನ ನಾಯಿಯನ್ನು ಮೊಲ ತಿರುಗಿ ಅಟ್ಟಿಸಿಕೊಂಡು ಬಂದ ಜಾಗವೇ ಗಂಡುಭೂಮಿ ಎಂಬ ಕಥೆ ಒಂದಲ್ಲ, ಹತ್ತಾರು ಊರುಗಳಿಗೆ ಸಲ್ಲುತ್ತದೆ. 1800ರ ಸುಮಾರಿಗೆ ಜನ ತಮ್ಮ ಊರಿನ ಬಗೆಗೆ ಏನನ್ನು ನಂಬಿದ್ದರೆಂಬುದಕ್ಕೆ ಕೈಫಿಯತ್ತು ಉತ್ತಮ ಸಾಕ್ಷಿ. 1100ರಲ್ಲಿ ಏನು ನಡೆಯಿತೆಂಬುದಕ್ಕೆ ಅದು ದುರ್ಬಲ ಸಾಕ್ಷಿ. ಇನ್ನು, ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದ ಮೇಲೆ ಶಾನುಭೋಗಿಕೆಯ ಮನೆಗಳಲ್ಲಿ ಉಳಿದ ಹಳೆಯ ಖಿರ್ದಿ, ಬಾಡುಗಳಿಗೆ ವಾರಸುದಾರರೇ ಇಲ್ಲವಾದರು. ಅಟ್ಟದ ಮೇಲಿನ ಆ ಗಂಟುಗಳಲ್ಲಿ ಎಷ್ಟು ಬಚ್ಚಲ ಒಲೆಗೆ ಹೋದವೋ ಹೇಳಲಾಗದು.

ಬರೆಹಕ್ಕೆ ಬಾರದ ನೆನಪಿನ ವಿಷಯದಲ್ಲಿ ಎಚ್ಚರವೂ ಬೇಕು, ಗೌರವವೂ ಬೇಕು. ಕಲ್ಯಾಣದ ವಿಪ್ಲವದ ತರುವಾಯ ಶರಣರು ಉಳವಿಯ ಕಡೆಗೆ ಸಾಗುವಾಗ ನಮ್ಮ ಊರಿನಲ್ಲಿ ತಂಗಿದ್ದರೆಂದು ಹೇಳುವ ಹಳ್ಳಿಗಳು ಉತ್ತರ ಕರ್ನಾಟಕದಲ್ಲಿ ಅನೇಕ. ಎಂ. ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ತೋರಿಸುತ್ತಾರೆ. ಖಾನಾಪುರ ತಾಲೂಕಿನ ಕಕ್ಕೇರಿಯನ್ನು ಡೋಹರ ಕಕ್ಕಯ್ಯನ ಹೆಸರಿನೊಡನೆ ಜೋಡಿಸುತ್ತಾರೆ. ಇಂತಹ ಒಂದೊಂದು ಐತಿಹ್ಯವನ್ನೇ ಬಿಡಿಯಾಗಿ ನೋಡಿದರೆ ಅದರಿಂದ ಯಾವುದೂ ಸಿದ್ಧವಾಗದು. ಅವೆಲ್ಲವನ್ನೂ ಒಂದು ನಕಾಶೆಯ ಮೇಲೆ ಗುರುತಿಸಿ, ಹಳೆಯ ದಾರಿಗಳ ಗುರುತು, ನದಿಯ ಕಡವುಗಳು ಅವುಗಳೊಡನೆ ಹೊಂದುತ್ತವೆಯೇ ಎಂದು ನೋಡಿದರೆ ಬೇರೊಂದು ಅರ್ಥ ಹೊಳೆಯಬಹುದು. ಹೊಂದಿದರೂ ಅವಸರ ಕೂಡದು: ಉಳವಿಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವ ಭಕ್ತರು ತಲೆಮಾರುಗಳಿಂದ ತಂಗುತ್ತ ಬಂದ ಊರುಗಳಿಗೇ ಶರಣರು ತಂಗಿದ ಕಥೆ ಆಮೇಲೆ ಅಂಟಿಕೊಂಡಿರಲೂಬಹುದು. ಹೇಳಿದವರ ಮಾತನ್ನು ಹೇಳಿದಂತೆಯೇ ಬರೆದುಕೊಂಡು, ಹೇಳಿದವರ ಹೆಸರು, ವಯಸ್ಸು, ಅವರು ಅದನ್ನು ಯಾರಿಂದ ಕೇಳಿದರು, ಬರೆದುಕೊಂಡ ತಾರೀಖು ಇವನ್ನು ಗುರುತಿಸಿಟ್ಟರೆ ತೀರ್ಮಾನವನ್ನು ಮುಂದಿನವರೂ ಮಾಡಬಹುದು. ತಿದ್ದಿ ಚಂದಗೊಳಿಸಿ ಬರೆದುದನ್ನು ಮುಂದಿನವರು ಬಿಡಿಸಲಾರರು.

ವಿದ್ಯಾಸಂಸ್ಥೆಯ ಚರಿತ್ರೆಯೂ ಸ್ಥಳೀಯ ಇತಿಹಾಸವೇ. ಶಾಲೆಗಳ ಸ್ಮರಣಸಂಚಿಕೆಗಳಲ್ಲಿ ಸ್ವಾಮಿಗಳ ಭಾವಚಿತ್ರ, ಕಟ್ಟಡಕ್ಕೆ ದೊಡ್ಡ ಮೊತ್ತ ಕೊಟ್ಟ ದಾನಿಗಳ ಪಟ್ಟಿ, ಉದ್ಘಾಟಿಸಿದ ಮಂತ್ರಿಗಳ ಹೆಸರು ತಪ್ಪದೆ ಇರುತ್ತವೆ. ಹನ್ನೆರಡನೆಯ ಶತಮಾನದ ದಾನಶಾಸನ ಇದಕ್ಕಿಂತ ಉದಾರವಾಗಿತ್ತು. ಅದು ಸೊಲ್ಲಿಗೆ ಎಣ್ಣೆ ಕೊಟ್ಟ ಗಾಣಿಗನನ್ನೂ ಬಿಡಲಿಲ್ಲ. ಮಠದ ಶಾಲೆಗಳಲ್ಲಿ ಎಷ್ಟೋ ನಡೆದುದು ಮುಷ್ಟಿಭಿಕ್ಷೆಯಿಂದ: ಗೃಹಿಣಿಯರು ಅಡಿಗೆಗೆ ಮೊದಲು ಒಂದು ಹಿಡಿ ಜೋಳವನ್ನು ತೆಗೆದಿಟ್ಟ ಮಡಕೆಯಿಂದ. ಆ ಮನೆಗಳ ಹೆಸರು ಯಾವ ಅಮೃತಶಿಲೆಯ ಮೇಲೂ ಇಲ್ಲ. ಹಳೆಯ ಕಾಣಿಕೆಯ ವಹಿಯಲ್ಲಿ ಇದ್ದರೂ ಇರಬಹುದು. ದಾಖಲಾತಿ ಪುಸ್ತಕವಂತೂ ಊರಿನ ಸಾಮಾಜಿಕ ಚರಿತ್ರೆಯ ಮೂಲಗ್ರಂಥ. ಯಾವ ವರ್ಷ ಯಾವ ಕೇರಿಯ ಮೊದಲ ಹುಡುಗ ಶಾಲೆಗೆ ಬಂದನು, ಮೊದಲ ಹುಡುಗಿಯ ಹೆಸರು ಎಂದು ಬರೆಯಲ್ಪಟ್ಟಿತು, ಬರಗಾಲದ ವರ್ಷ ಎಷ್ಟು ಮಕ್ಕಳು ನಡುವೆಯೇ ಬಿಟ್ಟುಹೋದರು ಎಂಬುದನ್ನು ಅದರಿಂದ ಎಣಿಸಿ ತೆಗೆಯಬಹುದು. ಕೆಲವು ಪುಟಗಳು ಅಭಿಮಾನವನ್ನು ತರುತ್ತವೆ; ಕೆಲವು ನಾಚಿಕೆಯನ್ನು ತರುತ್ತವೆ. ಒಂದು ಕೇರಿಯ ಮಕ್ಕಳು ಇಪ್ಪತ್ತು ವರ್ಷಗಳ ಕಾಲ ದಾಖಲಾತಿಯಲ್ಲಿ ಇಲ್ಲವೇ ಇಲ್ಲವೆಂದಾದರೆ ಅದನ್ನೂ ಬರೆಯಬೇಕು. ದಯೆಯೇ ಧರ್ಮದ ಮೂಲವೆಂದು ಸಾರಿದವರ ಹೆಸರಿನಲ್ಲಿ ನಡೆಯುವ ಶಾಲೆ ಆ ಪುಟವನ್ನು ಮುಚ್ಚಿಡುವುದು ಶೋಭಿಸದು.

ಕೆಲಸದ ಕ್ರಮವನ್ನು ಕುರಿತು ಸ್ವಲ್ಪವೇ ಹೇಳಿದರೆ ಸಾಕು. ಶಾಸನದ ಕಲ್ಲಿಗೆ ಸುಣ್ಣ ಬಳಿಯುವುದು, ಎಣ್ಣೆ ಸುರಿಯುವುದು, ಅಕ್ಷರ ಕಾಣಲೆಂದು ಮೊಳೆಯಿಂದ ಗೀರುವುದು, ಬಣ್ಣ ತುಂಬುವುದು ಇವೆಲ್ಲ ಕಲ್ಲನ್ನು ಕೊಲ್ಲುವ ಉಪಾಯಗಳು. ನೀರು, ಮೆತ್ತನೆಯ ಕುಂಚ ಇಷ್ಟೇ ಬೇಕಾದುದು. ಇಳಿಬಿಸಿಲಿನಲ್ಲಿ ಓರೆಯಾಗಿ ಬೆಳಕು ಬೀಳುವಾಗ ತೆಗೆದ ಛಾಯಾಚಿತ್ರದಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಡಿಯಚ್ಚು ತೆಗೆಯುವುದನ್ನು ಬಲ್ಲವರಿಂದ ಕಲಿಯಬೇಕು: ಒದ್ದೆಮಾಡಿದ ಕಾಗದವನ್ನು ಕಲ್ಲಿಗೆ ಹೊಂದಿಸಿ ಕುಂಚದಿಂದ ಬಡಿದು ಅಕ್ಷರದ ಕುಳಿಯೊಳಗೆ ಇಳಿಸಿ, ಮೇಲೆ ಮಸಿಯನ್ನು ತಟ್ಟಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಕಾಲವನ್ನು ಗುಣಿಸುವಾಗ ಶಕವರ್ಷಕ್ಕೆ 78 ಕೂಡಿಸಿ, ವರ್ಷದ ಕೊನೆಯ ಮಾಸಗಳಾದರೆ 79 ಕೂಡಿಸಿ, ಸಂವತ್ಸರದ ಹೆಸರಿನೊಡನೆ ತಾಳೆ ನೋಡಬೇಕು. ಶಕ 1084 ಎಂದರೆ ಕ್ರಿ.ಶ. 1162; ಅದು ಚಿತ್ರಭಾನು ಸಂವತ್ಸರವಾಗಬೇಕು. ಎರಡೂ ಹೊಂದದಿದ್ದರೆ ಓದಿನಲ್ಲಿ ತಪ್ಪಿದೆ, ಇಲ್ಲವೆ ಬರೆದವನಲ್ಲಿ ತಪ್ಪಿದೆ.

ಸಂಗ್ರಹಿಸಿದುದನ್ನೆಲ್ಲ ಒಂದೇ ಕಡೆ ಇಡುವುದು ಅಪಾಯಕರ. ಮೂಲಪತ್ರ ಯಾರ ಮನೆಯದೋ ಅವರಲ್ಲಿಯೇ ಇರಲಿ. ಅದರ ನಕಲು ಅಥವಾ ಛಾಯಾಪ್ರತಿ ಒಂದು ಶಾಲೆಯ ಗ್ರಂಥಭಂಡಾರದಲ್ಲಿ, ಇನ್ನೊಂದು ಮಠದಲ್ಲಿ, ಮತ್ತೊಂದು ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದಲ್ಲಿ ಇರಲಿ. ಎರವಲು ತಂದ ಕಟ್ಟನ್ನು ತಿಂಗಳೊಳಗೆ ಹಿಂದಿರುಗಿಸಿ ರಸೀದಿ ಪಡೆಯಬೇಕು. ಒಮ್ಮೆ ಕೊಟ್ಟ ಓಲೆ ಮರಳಿ ಬಾರದೆ ಹೋದ ಮನೆಯವರು ಎರಡನೆಯ ಸಲ ಬಾಗಿಲು ತೆರೆಯುವುದಿಲ್ಲ. ಅವರ ನೆರೆಮನೆಯವರೂ ತೆರೆಯುವುದಿಲ್ಲ.